ಸರ್ ಬೆನಗಲ್ ನರಸಿಂಗ ರಾವ್: ಸಂವಿಧಾನ ರಚನಾ ಸಭೆಯ ಸಲಹೆಗಾರರ ಜೀವನ ಮತ್ತು ಸೇವೆ

ಸರ್ಕಾರಿ ಕಚೇರಿಗೆ ಅರ್ಜಿ ಸಲ್ಲಿಸುವ ನಾಗರಿಕರಿಗೆ, ಅರ್ಜಿಯನ್ನು ತಿರಸ್ಕರಿಸಿದಲ್ಲಿ ಅದಕ್ಕೆ ಕಾರಣವೇನು, ತಮ್ಮ ಅಹವಾಲನ್ನು ಯಾರ ಮುಂದೆ ಹೇಳಿಕೊಳ್ಳಬೇಕು ಎಂಬ ಪ್ರಶ್ನೆಗಳು ಸಹಜವಾಗಿಯೇ ಏಳುತ್ತವೆ. ಅಧಿಕಾರಿಯು ನ್ಯಾಯಯುತವಾದ ವಿಧಾನವನ್ನು ಅನುಸರಿಸಿಯೇ ತೀರ್ಮಾನ ಕೈಗೊಳ್ಳಬೇಕೆಂಬ ತತ್ವ ಇಂದು ನಮ್ಮ ದೇಶದಲ್ಲಿ ನೆಲೆಯೂರಿದೆ. ಆದರೆ ಈ ತತ್ವ ಒಂದೇ ದಿನದಲ್ಲಿ ಬಂದುದಲ್ಲ. ಇದರ ಹಿಂದೆ ಸಂವಿಧಾನದ 21ನೇ ಅನುಚ್ಛೇದದ ಕೆಲವೇ ಪದಗಳನ್ನು ಕುರಿತ ದೀರ್ಘ ಚರ್ಚೆಯಿದೆ. ಆ ಪದಗಳ ಆಯ್ಕೆಯಲ್ಲಿ ಮುಖ್ಯ ಪಾತ್ರ ವಹಿಸಿದವರು ಮಂಗಳೂರಿನಲ್ಲಿ ಜನಿಸಿದ ಸರ್ ಬೆನಗಲ್ ನರಸಿಂಗ ರಾವ್‌ರವರು. ಅವರ ಜೀವನ ಮತ್ತು ಸೇವೆಯ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಶ್ರೀ ನರಸಿಂಗ ರಾವ್‌ರವರು 1887ರ ಫೆಬ್ರವರಿ 26ರಂದು ಮಂಗಳೂರಿನಲ್ಲಿ ಜನಿಸಿದರು. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಇವರ ತಂದೆ ಬೆನಗಲ್ ರಾಘವೇಂದ್ರ ರಾವ್‌ರವರು ವೈದ್ಯರಾಗಿದ್ದರು. ಸಹೋದರರಲ್ಲಿ ಬೆನಗಲ್ ರಾಮ ರಾವ್‌ರವರು 1949ರಿಂದ 1957ರವರೆಗೆ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಮತ್ತೊಬ್ಬ ಸಹೋದರ ಬಿ. ಶಿವ ರಾವ್‌ರವರು ಪತ್ರಕರ್ತರಾಗಿಯೂ ಸಂವಿಧಾನ ರಚನಾ ಸಭೆಯ ಸದಸ್ಯರಾಗಿಯೂ ಪ್ರಸಿದ್ಧರಾದರು.

ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ವ್ಯಾಸಂಗ ಮಾಡಿದ ಶ್ರೀಯುತರು ಅನಂತರ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, ಇಂಗ್ಲಿಷ್, ಭೌತಶಾಸ್ತ್ರ ಹಾಗೂ ಸಂಸ್ಕೃತ ಈ ಮೂರೂ ವಿಷಯಗಳಲ್ಲಿ ಪ್ರಥಮ ದರ್ಜೆಯನ್ನು ಗಳಿಸಿದರು. ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಉನ್ನತ ವ್ಯಾಸಂಗ ಮಾಡಿದರು. 1909ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಬಂಗಾಳದಲ್ಲಿ ಸೇವೆಯನ್ನು ಆರಂಭಿಸಿದರು.

ಆಡಳಿತ ಮತ್ತು ನ್ಯಾಯಾಂಗ ಸೇವೆ

ಬಂಗಾಳ ಹಾಗೂ ಅಸ್ಸಾಂ ಪ್ರಾಂತ್ಯಗಳಲ್ಲಿ ಸೇವೆ ಸಲ್ಲಿಸಿದ ಶ್ರೀ ರಾವ್‌ರವರು, ಅಸ್ಸಾಂ ಸರ್ಕಾರದ ಶಾಸನ ಇಲಾಖೆಯಲ್ಲಿ ಹಲವು ವರ್ಷ ಕಾರ್ಯದರ್ಶಿಗಳಾಗಿದ್ದರು. ಕಾನೂನಿನ ಕರಡುಗಳನ್ನು ಸ್ಪಷ್ಟವಾದ ಭಾಷೆಯಲ್ಲಿ ರಚಿಸುವ ಕೌಶಲ ಅವರಿಗೆ ಇಲ್ಲಿಯೇ ದೊರೆಯಿತು. 1935ರ ಭಾರತ ಸರ್ಕಾರ ಅಧಿನಿಯಮ ಜಾರಿಗೆ ಬರುವ ಸಂದರ್ಭದಲ್ಲಿ, ಆವರೆಗಿನ ಕಾನೂನುಗಳನ್ನೆಲ್ಲ ಹೊಸ ಅಧಿನಿಯಮಕ್ಕೆ ಹೊಂದುವಂತೆ ಪರಿಷ್ಕರಿಸುವ ಹೊಣೆಯನ್ನು ಅವರಿಗೆ ವಹಿಸಲಾಯಿತು. 1938ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ಮುಂದೆ ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿಯೂ ಸೇವೆ ಸಲ್ಲಿಸಿದರು.

ಇದೇ ಅವಧಿಯಲ್ಲಿ ಅವರು ಕೈಗೊಂಡ ಎರಡು ಕಾರ್ಯಗಳು ಇಂದಿಗೂ ಜನಜೀವನವನ್ನು ಮುಟ್ಟುತ್ತಿವೆ. ಮೊದಲನೆಯದು ಸಿಂಧೂ ನದಿಯ ನೀರಿನ ಹಂಚಿಕೆ. ಪಂಜಾಬ್ ಪ್ರಾಂತ್ಯದ ಯೋಜನೆಗಳಿಂದ ತನಗೆ ನೀರಿನ ಕೊರತೆಯಾಗುವುದೆಂದು ಸಿಂಧ್ ಪ್ರಾಂತ್ಯ ದೂರು ಸಲ್ಲಿಸಿತ್ತು. ಈ ದೂರಿನ ವಿಚಾರಣೆಗಾಗಿ ನೇಮಿಸಲಾದ ಆಯೋಗಕ್ಕೆ ಶ್ರೀ ರಾವ್‌ರವರು ಅಧ್ಯಕ್ಷರಾಗಿದ್ದರು. ಅಮೆರಿಕದ ರಾಜ್ಯಗಳ ನಡುವಿನ ಜಲವಿವಾದಗಳ ತೀರ್ಪುಗಳನ್ನೂ ಪರಿಶೀಲಿಸಿದ ಆಯೋಗವು 1942ರಲ್ಲಿ ವರದಿ ನೀಡಿತು. ಮೇಲ್ದಂಡೆಯ ಪ್ರದೇಶಕ್ಕಾಗಲಿ ಕೆಳದಂಡೆಯ ಪ್ರದೇಶಕ್ಕಾಗಲಿ ನದಿಯ ಮೇಲೆ ಸಂಪೂರ್ಣ ಒಡೆತನವಿಲ್ಲ, ನೀರನ್ನು ನ್ಯಾಯಸಮ್ಮತವಾಗಿ ಹಂಚಿಕೊಳ್ಳಬೇಕು ಎಂಬುದು ಆ ವರದಿಯ ಸಾರ. ಸ್ವಾತಂತ್ರ್ಯಾನಂತರ ಕರ್ನಾಟಕವೂ ಕಕ್ಷಿಯಾಗಿದ್ದ ಕೃಷ್ಣಾ ಮತ್ತು ಕಾವೇರಿ ವಿವಾದಗಳಲ್ಲಿಯೂ ನ್ಯಾಯಸಮ್ಮತ ಹಂಚಿಕೆಯ ತತ್ವವೇ ತೀರ್ಮಾನಕ್ಕೆ ಆಧಾರವಾಯಿತು.

ಎರಡನೆಯದು ಹಿಂದೂ ಕಾನೂನಿನ ಸುಧಾರಣೆ. ಈ ಉದ್ದೇಶಕ್ಕಾಗಿ 1941ರಲ್ಲಿ ರಚಿತವಾಗಿ 1944ರಲ್ಲಿ ಪುನಃ ಕಾರ್ಯಾರಂಭ ಮಾಡಿದ ಸಮಿತಿಗೂ ಅವರೇ ಅಧ್ಯಕ್ಷರು. ಸಮಿತಿಯ ಶ್ರಮವು 1955ರ ಹಿಂದೂ ವಿವಾಹ ಅಧಿನಿಯಮ ಮತ್ತು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮಗಳಿಗೆ ದಾರಿಮಾಡಿಕೊಟ್ಟಿತು.

1944ರಲ್ಲಿ ಸೇವೆಯಿಂದ ನಿವೃತ್ತರಾದ ಮೇಲೆ, ಸುಮಾರು ಒಂದು ವರ್ಷ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನ ಮಂತ್ರಿಗಳಾಗಿದ್ದರು.

ಸಂವಿಧಾನ ಸಲಹೆಗಾರರಾಗಿ

1946ರ ಜುಲೈ ತಿಂಗಳಿನಲ್ಲಿ ಶ್ರೀ ರಾವ್‌ರವರನ್ನು ಸಂವಿಧಾನ ರಚನಾ ಸಭೆಯ ಸಲಹೆಗಾರರನ್ನಾಗಿ ನೇಮಿಸಲಾಯಿತು. ಅವರು ಸಭೆಯ ಸದಸ್ಯರಾಗಿರಲಿಲ್ಲ. ಅವರಿಗೆ ಮತದಾನದ ಹಕ್ಕಾಗಲಿ, ಸಭೆಯಲ್ಲಿ ಭಾಷಣ ಮಾಡುವ ಅವಕಾಶವಾಗಲಿ ಇರಲಿಲ್ಲ. ಈ ಕಾರ್ಯವನ್ನು ಅವರು ಗೌರವ ಸೇವೆಯಾಗಿ ನಿರ್ವಹಿಸಿದರು.

ಸದಸ್ಯರು ಯಾವುದೇ ವಿಷಯದ ಬಗ್ಗೆ ತೀರ್ಮಾನಿಸುವ ಮುನ್ನ, ಅದೇ ಸಮಸ್ಯೆಯನ್ನು ಇತರ ದೇಶಗಳು ಹೇಗೆ ಬಗೆಹರಿಸಿಕೊಂಡಿವೆ ಎಂಬುದನ್ನು ತಿಳಿದಿರಬೇಕೆಂಬುದು ಅವರ ಆಶಯವಾಗಿತ್ತು. ಆದುದರಿಂದ ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಐರ್ಲೆಂಡ್ ಮುಂತಾದ ದೇಶಗಳ ಸಂವಿಧಾನಗಳಿಂದ ಸಂಬಂಧಪಟ್ಟ ಭಾಗಗಳನ್ನು ಆಯ್ದು, ಸಂಪುಟಗಳನ್ನಾಗಿ ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಿದರು. ಐರ್ಲೆಂಡಿನ 1937ರ ಸಂವಿಧಾನದ ಮಾದರಿಯನ್ನು ಗಮನಿಸಿ, ಹಕ್ಕುಗಳನ್ನು ಎರಡು ವರ್ಗಗಳಾಗಿ ವಿಂಗಡಿಸುವಂತೆ ಸಲಹೆ ನೀಡಿದರು. ನ್ಯಾಯಾಲಯದ ಮೂಲಕ ಜಾರಿಗೊಳಿಸಬಹುದಾದ ಹಕ್ಕುಗಳು ಒಂದು ವರ್ಗ. ಸರ್ಕಾರಕ್ಕೆ ಮಾರ್ಗದರ್ಶನ ನೀಡುವ ತತ್ವಗಳು ಇನ್ನೊಂದು ವರ್ಗ. ಇವೇ ಇಂದು ಮೂಲಭೂತ ಹಕ್ಕುಗಳು ಮತ್ತು ರಾಜ್ಯ ನೀತಿ ನಿರ್ದೇಶಕ ತತ್ವಗಳೆಂದು ಸಂವಿಧಾನದ ಮೂರನೆಯ ಮತ್ತು ನಾಲ್ಕನೆಯ ಭಾಗಗಳಲ್ಲಿವೆ.

1947ರ ಅಕ್ಟೋಬರ್ ತಿಂಗಳಿನಲ್ಲಿ ಶ್ರೀ ರಾವ್‌ರವರು 243 ಅನುಚ್ಛೇದಗಳು ಮತ್ತು 13 ಅನುಸೂಚಿಗಳನ್ನು ಒಳಗೊಂಡ ಮೊದಲ ಕರಡನ್ನು ಸಿದ್ಧಪಡಿಸಿದರು. ಡಾ. ಬಿ. ಆರ್. ಅಂಬೇಡ್ಕರ್‌ರವರ ಅಧ್ಯಕ್ಷತೆಯ ಕರಡು ಸಮಿತಿಯು ಇದನ್ನು ಆಧಾರವಾಗಿಟ್ಟುಕೊಂಡು, ವಿಸ್ತಾರವಾಗಿ ಪರಿಷ್ಕರಿಸಿ, 315 ಅನುಚ್ಛೇದಗಳ ಕರಡನ್ನು 1948ರ ಫೆಬ್ರವರಿಯಲ್ಲಿ ಸಲ್ಲಿಸಿತು. 1949ರ ನವೆಂಬರ್ 26ರಂದು ಅಂಗೀಕೃತವಾದ ಸಂವಿಧಾನದಲ್ಲಿ 395 ಅನುಚ್ಛೇದಗಳು ಮತ್ತು 8 ಅನುಸೂಚಿಗಳಿದ್ದವು. ಮೊದಲ ಕರಡಿಗೂ ಅಂತಿಮ ರೂಪಕ್ಕೂ ಇರುವ ಈ ಅಂತರವು ಕರಡು ಸಮಿತಿ ಮತ್ತು ಸಭೆಯ ಶ್ರಮಕ್ಕೆ ಸಾಕ್ಷಿಯಾಗಿದೆ. ಡಾ. ಅಂಬೇಡ್ಕರ್‌ರವರು ತಮ್ಮ ಸಮಾರೋಪ ಭಾಷಣದಲ್ಲಿ ಶ್ರೀ ರಾವ್‌ರವರಿಗೂ, ಮುಖ್ಯ ಕರಡುಗಾರರಾದ ಎಸ್. ಎನ್. ಮುಖರ್ಜಿಯವರಿಗೂ ಕೀರ್ತಿಯ ಪಾಲು ಸಲ್ಲಬೇಕೆಂದು ಸ್ಮರಿಸಿದರು.

ವಿದೇಶ ಪ್ರವಾಸ ಮತ್ತು ಎರಡು ಪದಗಳ ಪ್ರಶ್ನೆ

ಕರಡನ್ನು ಸಿದ್ಧಪಡಿಸಿದ ಬಳಿಕ, 1947ರ ಕೊನೆಯ ತಿಂಗಳುಗಳಲ್ಲಿ ಶ್ರೀ ರಾವ್‌ರವರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಬ್ರಿಟನ್ ದೇಶಗಳಲ್ಲಿ ಪ್ರವಾಸ ಮಾಡಿ, ಅಲ್ಲಿನ ನ್ಯಾಯಾಧೀಶರು ಹಾಗೂ ರಾಜನೀತಿಜ್ಞರೊಡನೆ ಸಮಾಲೋಚಿಸಿದರು.

ಅಮೆರಿಕದ ಸಂವಿಧಾನದ 5ನೇ ಮತ್ತು 14ನೇ ತಿದ್ದುಪಡಿಗಳ ಪ್ರಕಾರ, ಡ್ಯೂ ಪ್ರಾಸೆಸ್ ಅಂದರೆ ಯುಕ್ತವಾದ ಕಾನೂನು ಪ್ರಕ್ರಿಯೆಯಿಲ್ಲದೆ ಯಾರ ಜೀವ, ಸ್ವಾತಂತ್ರ್ಯ ಅಥವಾ ಆಸ್ತಿಯನ್ನೂ ಕಸಿದುಕೊಳ್ಳುವಂತಿಲ್ಲ. ಈ ಪದಗಳು ನಾಗರಿಕನಿಗೆ ಬಲವಾದ ರಕ್ಷಣೆ. ಆದರೆ ಇದೇ ಪದಗಳ ಆಧಾರದ ಮೇಲೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1905ರಲ್ಲಿ, ಬೇಕರಿ ಕಾರ್ಮಿಕರ ದುಡಿಮೆಯನ್ನು ದಿನಕ್ಕೆ 10 ಗಂಟೆಗೆ ಮಿತಿಗೊಳಿಸಿದ್ದ ನ್ಯೂಯಾರ್ಕ್ ರಾಜ್ಯದ ಕಾನೂನನ್ನು ರದ್ದುಪಡಿಸಿತ್ತು. ಇಂತಹ ಪದಗಳಿಂದ ಭಾರತದಲ್ಲಿಯೂ ಗೇಣಿದಾರರ ರಕ್ಷಣೆಯ ಕಾನೂನುಗಳು ನ್ಯಾಯಾಲಯಗಳಲ್ಲಿ ಸಿಲುಕಬಹುದೆಂಬ ಆತಂಕವನ್ನು ಶ್ರೀ ರಾವ್‌ರವರು ಮೊದಲೇ ವ್ಯಕ್ತಪಡಿಸಿದ್ದರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರ್‌ರವರೊಡನೆ ನಡೆದ ಮಾತುಕತೆ ಈ ಆತಂಕವನ್ನು ದೃಢಪಡಿಸಿತು. ಜನಪ್ರತಿನಿಧಿಗಳು ರಚಿಸಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವಂತಹುದಲ್ಲ, ಅದು ನ್ಯಾಯಾಂಗಕ್ಕೂ ಹೊರೆ ಎಂಬುದು ಫ್ರಾಂಕ್‌ಫರ್ಟರ್‌ರವರ ಅಭಿಪ್ರಾಯವಾಗಿತ್ತು.

ಸಂವಿಧಾನ ರಚನಾ ಸಭೆಯು 1947ರ ಏಪ್ರಿಲ್ ತಿಂಗಳಿನಲ್ಲಿ ಡ್ಯೂ ಪ್ರಾಸೆಸ್ ಪದಗಳನ್ನೇ ಒಪ್ಪಿಕೊಂಡಿತ್ತು. ಕರಡು ಸಮಿತಿಯು ಅವನ್ನು ಕೈಬಿಟ್ಟು, ಜಪಾನಿನ 1946ರ ಸಂವಿಧಾನದಲ್ಲಿದ್ದಂತೆ, ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ ಎಂಬ ಅರ್ಥದ ಪದಗಳನ್ನು ಅಳವಡಿಸಿತು. 1948ರ ಡಿಸೆಂಬರ್ ತಿಂಗಳಿನಲ್ಲಿ ಈ ಬಗ್ಗೆ ಸಭೆಯಲ್ಲಿ ತೀವ್ರ ಚರ್ಚೆ ನಡೆಯಿತು. ಶಾಸಕಾಂಗವು ಅನ್ಯಾಯದ ಕಾರ್ಯವಿಧಾನವನ್ನೇ ಕಾನೂನಾಗಿ ಮಾಡಿದರೆ ನಾಗರಿಕನಿಗೆ ರಕ್ಷಣೆಯೇನು ಎಂದು ಕೆ. ಎಂ. ಮುನ್ಶಿ, ಠಾಕೂರ್ ದಾಸ್ ಭಾರ್ಗವ ಮೊದಲಾದವರು ಆಕ್ಷೇಪಿಸಿದರು. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್‌ರವರು ಬದಲಾವಣೆಯನ್ನು ಸಮರ್ಥಿಸಿದರು. ಎರಡೂ ಕಡೆಗಳಲ್ಲಿ ಅಪಾಯವಿದೆಯೆಂದು ಡಾ. ಅಂಬೇಡ್ಕರ್‌ರವರು ವಿವರಿಸಿದರು. ಕೊನೆಗೆ ಹೊಸ ಪದಗಳೇ ಉಳಿದವು. ಅಸಮಾಧಾನವನ್ನು ಸ್ವಲ್ಪಮಟ್ಟಿಗಾದರೂ ಪರಿಹರಿಸುವ ಸಲುವಾಗಿ, ಬಂಧಿತರಿಗೆ ಬಂಧನದ ಕಾರಣ ತಿಳಿಸುವ ಮತ್ತು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ನಿಯಮವನ್ನು 1949ರ ಸೆಪ್ಟೆಂಬರ್‌ನಲ್ಲಿ ಸೇರಿಸಲಾಯಿತು. ಅದೇ ಇಂದಿನ 22ನೇ ಅನುಚ್ಛೇದ.

ವಿಶ್ವಸಂಸ್ಥೆ ಮತ್ತು ಅಂತಾರಾಷ್ಟ್ರೀಯ ನ್ಯಾಯಾಲಯ

ಬರ್ಮಾ ದೇಶದ 1947ರ ಸಂವಿಧಾನದ ಕರಡು ರಚನೆಗೂ ಶ್ರೀ ರಾವ್‌ರವರು ನೆರವು ನೀಡಿದ್ದರು. ಅನಂತರ ವಿಶ್ವಸಂಸ್ಥೆಯಲ್ಲಿ ಭಾರತದ ಖಾಯಂ ಪ್ರತಿನಿಧಿಯಾಗಿ ನೇಮಕಗೊಂಡರು. 1950ರ ಜೂನ್ ತಿಂಗಳಿನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿದ್ದವರು ಅವರೇ. 1952ರಲ್ಲಿ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಅಧಿಕಾರ ವಹಿಸಿಕೊಂಡರು. ಆದರೆ ಆರೋಗ್ಯ ಕೆಟ್ಟು, 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ನಿಧನರಾದರು. ಅವರ ಟಿಪ್ಪಣಿಗಳು ಮತ್ತು ಲೇಖನಗಳನ್ನು ಸಹೋದರ ಶಿವ ರಾವ್‌ರವರು ಸಂಪಾದಿಸಿ 1960ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. 1988ರಲ್ಲಿ ಭಾರತ ಸರ್ಕಾರವು ಅವರ ಸ್ಮರಣಾರ್ಥ ಅಂಚೆ ಚೀಟಿಯನ್ನು ಹೊರತಂದಿತು.

ಅವರ ಕಾಲದ ನಂತರ

ಶ್ರೀ ರಾವ್‌ರವರ ಜೀವಿತಕಾಲದಲ್ಲಿಯೇ 21ನೇ ಅನುಚ್ಛೇದದ ಪದಗಳು ಪರೀಕ್ಷೆಗೆ ಒಳಗಾದವು. ಮುಂಜಾಗ್ರತಾ ಬಂಧನದಲ್ಲಿದ್ದ ಎ. ಕೆ. ಗೋಪಾಲನ್‌ರವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1950ರಲ್ಲಿ ಬಹುಮತದ ತೀರ್ಪು ನೀಡಿತು. ಶಾಸಕಾಂಗ ರಚಿಸಿದ ಕಾನೂನಿನಂತೆ ನಡೆದುಕೊಂಡಿದ್ದರೆ ಸಾಕು, ಆ ಕಾರ್ಯವಿಧಾನ ನ್ಯಾಯಯುತವೇ ಎಂಬುದನ್ನು ಈ ಅನುಚ್ಛೇದದಡಿ ಪ್ರಶ್ನಿಸಲಾಗದು ಎಂಬುದು ಅದರ ತಾತ್ಪರ್ಯವಾಗಿತ್ತು. ಸಭೆಯಲ್ಲಿ ಆಕ್ಷೇಪಿಸಿದ್ದ ಸದಸ್ಯರ ಭಯ ನಿಜವಾದಂತೆ ಕಂಡಿತು.

ಪರಿಸ್ಥಿತಿ ಬದಲಾದದ್ದು 28 ವರ್ಷಗಳ ನಂತರ. 1977ರಲ್ಲಿ ಪಾಸ್‌ಪೋರ್ಟ್ ಅಧಿಕಾರಿಯೊಬ್ಬರು ಸಾರ್ವಜನಿಕ ಹಿತದ ಹೆಸರಿನಲ್ಲಿ ಶ್ರೀಮತಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ವಶಪಡಿಸಿಕೊಳ್ಳಲು ಆದೇಶಿಸಿದರು. ಕಾರಣ ಕೇಳಿದಾಗ ಅದನ್ನು ತಿಳಿಸಲು ಸರ್ಕಾರ ನಿರಾಕರಿಸಿತು. 1978ರ ಜನವರಿ 25ರಂದು ಸರ್ವೋಚ್ಚ ನ್ಯಾಯಾಲಯದ 7 ನ್ಯಾಯಾಧೀಶರ ಪೀಠವು, ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನವು ನ್ಯಾಯಯುತವೂ ಸಮಂಜಸವೂ ಆಗಿರಲೇಬೇಕು, ಮನಬಂದಂತೆ ಇರಕೂಡದು ಎಂದು ತೀರ್ಪಿತ್ತಿತು. ಅರ್ಜಿದಾರರ ಅಹವಾಲನ್ನು ಆಲಿಸುವುದಾಗಿ ಸರ್ಕಾರ ಒಪ್ಪಿಕೊಂಡಿತು. ಪದಗಳು ಬದಲಾಗಲಿಲ್ಲ, ಅವುಗಳ ಅರ್ಥ ವಿಸ್ತಾರಗೊಂಡಿತು. ಶ್ರೀ ರಾವ್‌ರವರು ದೂರವಿಡಲು ಬಯಸಿದ್ದ ನ್ಯಾಯಾಂಗ ಪರಿಶೀಲನೆಯೇ ಈ ಮೂಲಕ ಬಹುಮಟ್ಟಿಗೆ ಹಿಂದಿರುಗಿತು. ಆದರೆ ದುರ್ಬಲರಿಗಾಗಿ ರಚಿಸಿದ ಕಾನೂನುಗಳು ನ್ಯಾಯಾಲಯಗಳಲ್ಲಿ ಬಿದ್ದುಹೋಗಬಾರದೆಂಬ ಅವರ ಕಾಳಜಿಯೂ ಆಧಾರರಹಿತವಾಗಿರಲಿಲ್ಲ. ಸಂವಿಧಾನ ಜಾರಿಗೆ ಬಂದ ಮರುವರ್ಷವೇ, ಅಂದರೆ 1951ರಲ್ಲಿ, ಭೂಸುಧಾರಣಾ ಕಾನೂನುಗಳನ್ನು ಉಳಿಸಿಕೊಳ್ಳಲು ಮೊದಲ ತಿದ್ದುಪಡಿಯನ್ನು ತರಬೇಕಾಯಿತು.

ಸಾರ್ವಜನಿಕರ ಗಮನಕ್ಕೆ

ಫ್ರಾನ್ಸ್ ದೇಶದಲ್ಲಿ ಆಡಳಿತದ ವಿರುದ್ಧದ ದೂರುಗಳನ್ನು ವಿಚಾರಿಸಲು ಪ್ರತ್ಯೇಕ ಆಡಳಿತ ನ್ಯಾಯಾಲಯಗಳಿವೆ. ಭಾರತದಲ್ಲಿ ಬ್ರಿಟಿಷ್ ಪದ್ಧತಿಯಂತೆ ಸಾಮಾನ್ಯ ನ್ಯಾಯಾಲಯಗಳೇ ಆಡಳಿತದ ತೀರ್ಮಾನಗಳನ್ನೂ ಪರಿಶೀಲಿಸುತ್ತವೆ. 226ನೇ ಅನುಚ್ಛೇದದಂತೆ ನಾಗರಿಕರು ಉಚ್ಚ ನ್ಯಾಯಾಲಯದ ಮೊರೆ ಹೋಗಬಹುದು. ಆದರೆ ಬಹುತೇಕ ಸಂದರ್ಭಗಳಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿಯನ್ನು ತಿರಸ್ಕರಿಸಿದಲ್ಲಿ ಅಧಿಕಾರಿಯು ಕಾರಣವನ್ನೂ, ಮೇಲ್ಮನವಿ ಸಲ್ಲಿಸಬೇಕಾದ ಪ್ರಾಧಿಕಾರದ ವಿವರವನ್ನೂ ತಿಳಿಸಬೇಕು. ಸಕಾಲ ಎಂದು ಪ್ರಸಿದ್ಧವಾಗಿರುವ, ಕರ್ನಾಟಕದ 2011ರ ಸೇವೆಗಳ ಖಾತರಿ ಅಧಿನಿಯಮದಡಿಯಲ್ಲಿಯೂ ನಿಗದಿತ ಅವಧಿಯೊಳಗೆ ಸೇವೆ ಒದಗಿಸಬೇಕು, ಇಲ್ಲವೇ ಕಾರಣವನ್ನು ಲಿಖಿತವಾಗಿ ದಾಖಲಿಸಿ ತಿರಸ್ಕರಿಸಬೇಕು. ಅದರ ವಿರುದ್ಧ ಮೇಲ್ಮನವಿಗೂ ಅವಕಾಶವಿದೆ.

ಆದುದರಿಂದ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆಯುವುದು, ತಿರಸ್ಕೃತವಾದಲ್ಲಿ ಲಿಖಿತ ಕಾರಣವನ್ನು ಕೇಳುವುದು ಹಾಗೂ ನಿಗದಿತ ಅವಧಿಯೊಳಗೆ ಮೇಲ್ಮನವಿ ಸಲ್ಲಿಸುವುದು ನಾಗರಿಕರ ಹಿತದೃಷ್ಟಿಯಿಂದ ಅಗತ್ಯವಾಗಿದೆ. ಕಾರಣ ಕೇಳುವುದು ಅಧಿಕಾರಿಗೆ ತೋರುವ ಅಗೌರವವಲ್ಲ. ಅದು ಮಂಗಳೂರಿನ ನರಸಿಂಗ ರಾವ್‌ರವರೂ, ಅವರ ಆಯ್ಕೆಯನ್ನು ಒಪ್ಪದಿದ್ದ ಸದಸ್ಯರೂ, ನಂತರದ ನ್ಯಾಯಾಧೀಶರೂ ಹಲವು ದಶಕಗಳ ಕಾಲ ಚಿಂತಿಸಿದ ಪ್ರಶ್ನೆಗೆ ದೊರೆತ ಉತ್ತರದ ಫಲವಾಗಿದೆ.