ಬಂಡೆಗಳ ಚಿತ್ರಕಾರ ಗುಸ್ತಾವ್ ಕೂರ್ಬೆ

ಫ್ರಾನ್ಸ್ ದೇಶದ ಪೂರ್ವ ಭಾಗದಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ಹೊಂದಿಕೊಂಡು ಫ್ರಾಂಶ್-ಕೊಂತೆ ಎಂಬ ಪ್ರಾಂತವಿದೆ. ಸುಣ್ಣಕಲ್ಲಿನ ಕಡಿದಾದ ಬಂಡೆಗಳು, ಆಳವಾದ ಕಣಿವೆಗಳು, ದಟ್ಟವಾದ ಅರಣ್ಯ, ಗುಹೆಯೊಳಗಿಂದ ಭೋರ್ಗರೆದು ಹೊರಬೀಳುವ ಲೂ ನದಿ, ಇವೇ ಆ ನಾಡಿನ ಸಿರಿ. ಅಲ್ಲಿನ ಒರ್ನಾಂ ಎಂಬ ಸಣ್ಣ ಊರಿನಲ್ಲಿ, ಅನುಕೂಲಸ್ಥ ರೈತ ಮನೆತನದಲ್ಲಿ, 1819ರ ಜೂನ್ 10ರಂದು ಗುಸ್ತಾವ್ ಕೂರ್ಬೆ ಜನಿಸಿದನು.

ಮಗನು ನ್ಯಾಯಶಾಸ್ತ್ರವನ್ನು ಓದಬೇಕೆಂಬುದು ತಂದೆಯ ಅಪೇಕ್ಷೆಯಾಗಿತ್ತು. ಆದರೆ 1839ರಲ್ಲಿ ಪ್ಯಾರಿಸ್ ನಗರವನ್ನು ಸೇರಿದ ತರುಣನು ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಹಿಂದಿನ ಮಹಾಕಲಾವಿದರ ಕೃತಿಗಳನ್ನು ನೋಡಿ ಬರೆಯುತ್ತ, ಬಹುಮಟ್ಟಿಗೆ ಸ್ವಪ್ರಯತ್ನದಿಂದಲೇ ಚಿತ್ರಕಾರನಾದನು. ದೇವತೆಗಳಿಗೂ ಅರಸರಿಗೂ ಮೀಸಲಾಗಿದ್ದ ಹಿರಿಯ ಅಳತೆಯ ಚಿತ್ರಪಟದಲ್ಲಿ ಆತನು 1849ರಲ್ಲಿ ಜಲ್ಲಿ ಒಡೆಯುವ ಇಬ್ಬರು ಕೂಲಿಕಾರರನ್ನು ನಿಲ್ಲಿಸಿದನು. 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ತನ್ನ ಮುಖ್ಯ ಕೃತಿಗಳು ತಿರಸ್ಕೃತವಾಗಲು, ಸಮೀಪದಲ್ಲಿಯೇ ವಾಸ್ತವತೆಯ ಹೆಸರಿನಲ್ಲಿ ಬೇರೊಂದು ಮಂಟಪವನ್ನು ಕಟ್ಟಿಸಿ ಜನರ ಮುಂದಿಟ್ಟನು.

ಎಷ್ಟು ಕೀರ್ತಿ ಬಂದರೂ ಆತನ ಕುಂಚವು ತವರಿನ ಒರಟು ನೆಲವನ್ನು ಮರೆಯಲಿಲ್ಲ. 1864ರಲ್ಲಿ ಲೂ ನದಿಯ ಉಗಮಸ್ಥಾನವನ್ನು ಹಲವು ಬಾರಿ ಚಿತ್ರಿಸಿದನು. ಅವುಗಳಲ್ಲಿ ಕೆಲವದರಲ್ಲಿ ಆಕಾಶಕ್ಕೆ ಎಡೆಯೇ ಇಲ್ಲ. ಬಂಡೆ, ಕತ್ತಲೆಯ ಗುಹೆ ಮತ್ತು ನೀರು ಮಾತ್ರ. ಕಡುಬಣ್ಣದ ಹಿನ್ನೆಲೆಯ ಮೇಲೆ, ಬಣ್ಣ ಕಲಸುವ ಅಲಗಿನಿಂದಲೇ ಗಾರೆ ಮೆತ್ತಿದಂತೆ ದಪ್ಪವಾಗಿ ಬಣ್ಣವನ್ನು ಹಚ್ಚಿ ಕೆರೆಯುತ್ತಿದ್ದುದರಿಂದ, ಕಲ್ಲಿನ ಒರಟುತನವು ಪಟದ ಮೈಯಲ್ಲಿಯೇ ಮೂಡಿ ಬಂದಿತು.

1870ರಲ್ಲಿ ಸರ್ಕಾರವು ನೀಡಬಯಸಿದ ಗೌರವಪದಕವನ್ನು ಆತನು ನಿರಾಕರಿಸಿದನು. ಮರುವರ್ಷ ಪ್ಯಾರಿಸ್ ಕಮ್ಯೂನಿನ ಸದಸ್ಯನಾದನು. ವೆಂದೋಮ್ ಚೌಕದ ವಿಜಯಸ್ತಂಭವನ್ನು ಕೆಡವುವ ನಿರ್ಣಯವು ಆತನು ಸದಸ್ಯನಾಗುವ ಮೊದಲೇ ಆಗಿದ್ದರೂ, ಅದನ್ನು ಬಿಚ್ಚಿ ತೆಗೆಯಬೇಕೆಂದು ಹಿಂದೆ ಸೂಚಿಸಿದ್ದ ಕಾರಣ ಹೊಣೆಯು ಆತನ ತಲೆಯ ಮೇಲೆ ಬಿತ್ತು. ಆರು ತಿಂಗಳ ಸೆರೆವಾಸ ಪ್ರಾಪ್ತವಾಯಿತು. ಸ್ತಂಭದ ಪುನರ್ನಿರ್ಮಾಣದ ವೆಚ್ಚವನ್ನೂ ಆತನಿಂದಲೇ ವಸೂಲು ಮಾಡಲು ತೀರ್ಮಾನವಾಗಲು, 1873ರಲ್ಲಿ ಸ್ವಿಟ್ಜರ್ಲೆಂಡಿಗೆ ವಲಸೆ ಹೋದನು. 1877ರಲ್ಲಿ ಆ ಮೊತ್ತವು 3,23,091 ಫ್ರಾಂಕ್‌ಗಳೆಂದು ನಿಗದಿಯಾಗಿ, ವರ್ಷಕ್ಕೆ 10,000ದಂತೆ ತೆರಬೇಕೆಂದಾಯಿತು. ಮೊದಲ ಕಂತಿನ ದಿನಕ್ಕೆ ಮುನ್ನಾದಿನ, ಅದೇ ವರ್ಷದ ಡಿಸೆಂಬರ್ 31ರಂದು, 58ನೆಯ ವಯಸ್ಸಿನಲ್ಲಿ ಕೂರ್ಬೆ ಪರನಾಡಿನಲ್ಲಿಯೇ ಕಣ್ಮುಚ್ಚಿದನು. ಆಲ್ಪ್ಸ್ ಪರ್ವತಶ್ರೇಣಿಯ ದೊಡ್ಡದೊಂದು ಚಿತ್ರವು ಅಪೂರ್ಣವಾಗಿ ಉಳಿಯಿತು.

1919ರಲ್ಲಿ, ಜನ್ಮಶತಾಬ್ದಿಯ ವರ್ಷ, ಆತನ ಅವಶೇಷಗಳನ್ನು ಒರ್ನಾಂಗೆ ತರಲಾಯಿತು. ತನ್ನ ಊರಿನ ಕಲ್ಲನ್ನು ಲೋಕವೇ ನಿಂತು ನೋಡುವಂತೆ ಮಾಡಿದವನು, ನಾಲ್ಕು ದಶಕಗಳ ತರುವಾಯ ಆ ಕಲ್ಲುಗಳ ನಡುವೆಯೇ ವಿಶ್ರಾಂತಿಯನ್ನು ಪಡೆದನು.