ಲೀಗ್ ಆಟ ರೂಪಿಸಿದ ಒಲಿಂಪಿಕ್ ವೀರ ನೆವಿಲ್ ಡಿಸೋಜ

ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರ್ ಅವರ ಹಬ್ಬ. ಹಳೇ ಗೋವೆಯ ಯಾತ್ರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಕಥೋಲಿಕ ಕುಟುಂಬಗಳಿಗೆ ಹೊಸದಲ್ಲ. ಅದೇ ಹಬ್ಬದ ದಿನ, 1932ರಲ್ಲಿ, ಗೋವೆಯಲ್ಲಿ ಒಂದು ಗಂಡು ಮಗು ಜನಿಸಿತು. ಆ ಮಗು ಬೆಳೆದು ಮುಂದೆ ಒಲಿಂಪಿಕ್ ಫುಟ್‌ಬಾಲ್ ಪಂದ್ಯವೊಂದರಲ್ಲಿ ಮೂರು ಗೋಲು ಬಾರಿಸಿದ ಮೊದಲ ಏಷ್ಯಾದ ಆಟಗಾರನೆಂಬ ಕೀರ್ತಿಗೆ ಪಾತ್ರವಾಯಿತು. ಅವರೇ ನೆವಿಲ್ ಡಿಸೋಜ. ಅವರು ತೀರಿಕೊಂಡು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಸಂದಿದೆ. ಹಿರಿಯರಲ್ಲಿ ಕೆಲವರಿಗೆ ಆ ಹೆಸರು ನೆನಪಿದೆ. ನಮ್ಮ ಮಕ್ಕಳಲ್ಲಿ ಬಹುಮಂದಿಗೆ ಗೊತ್ತಿಲ್ಲ.

ನಮ್ಮವರೊಬ್ಬರು ದೊಡ್ಡ ಹೆಸರು ಗಳಿಸಿದರೆಂದು ಹಿಗ್ಗುವುದಷ್ಟೇ ಈ ಬರಹದ ಉದ್ದೇಶವಲ್ಲ. ಸಣ್ಣದೊಂದು ಊರಿನ ಹಿನ್ನೆಲೆಯ ಯುವಕ ಜಗತ್ತಿನ ಕಣ್ಣಿಗೆ ಬೀಳುವ ಆಟಗಾರನಾದದ್ದು ಹೇಗೆ ಎಂಬುದನ್ನು ನಾವು ತಿಳಿಯಬೇಕಾಗಿದೆ. ಪ್ರತಿಭೆ ದೇವರ ಕೊಡುಗೆ ನಿಜ. ಆದರೆ ಆ ಕೊಡುಗೆಯನ್ನು ವಾರ ವಾರವೂ ಉಜ್ಜಿ ಹೊಳಪೇರಿಸುವ ವ್ಯವಸ್ಥೆಯೊಂದು ಬೇಕು. ನೆವಿಲ್ ಅವರ ಪಾಲಿಗೆ ಮುಂಬಯಿಯ ಹವ್ಯಾಸಿ ಫುಟ್‌ಬಾಲ್ ಲೀಗ್ ಅಂಥ ವ್ಯವಸ್ಥೆಯಾಗಿತ್ತು.

ನೆವಿಲ್ ಅವರ ಮನೆತನದ ಊರು ಗೋವೆಯ ಬಾರ್ದೇಶ ತಾಲೂಕಿನ ಅಸಗಾಂವ್. ಈ ಬಾರ್ದೇಶಕ್ಕೂ ಫುಟ್‌ಬಾಲಿಗೂ ಹಳೆಯ ನಂಟು. ವಂದನೀಯ ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಬ್ರಿಟಿಷ್ ಧರ್ಮಗುರುಗಳು 1883ರಲ್ಲಿ ಆರೋಗ್ಯ ಸುಧಾರಣೆಗಾಗಿ ಅದೇ ತಾಲೂಕಿನ ಶಿವೊಲಿಗೆ ಬಂದಿದ್ದರು. ಗೋವೆಯ ಹುಡುಗರಿಗೆ ಈ ಆಟವನ್ನು ಮೊದಲು ಪರಿಚಯಿಸಿದವರು ಅವರೇ. ವಿದ್ಯೆ, ಭಕ್ತಿ ಇವುಗಳ ಜೊತೆಗೆ ಮೈದಾನದ ಶಿಸ್ತೂ ಸೇರಿದರೆ ಮಾತ್ರ ಶಿಕ್ಷಣ ಪೂರ್ಣವಾಗುವುದೆಂಬುದು ಅವರ ನಂಬಿಕೆಯಾಗಿತ್ತು. ಅವರು 1887ರಲ್ಲಿ ಹಡಫಡೆಯಲ್ಲಿ ಸ್ಥಾಪಿಸಿದ ಸಂತ ಜೋಸೆಫರ ಶಾಲೆ ಮುಂದೆಯೂ ನಡೆದುಕೊಂಡು ಬಂದಿತು. ಶಾಲೆಯ ಅಂಗಳದಿಂದ ಇಗರ್ಜಿಯ ಬಯಲಿಗೆ, ಅಲ್ಲಿಂದ ಕೊಯ್ಲು ಮುಗಿದ ಗದ್ದೆಗಳಿಗೆ ಈ ಆಟ ಹರಡಿತು. ನೆವಿಲ್ ಅವರು ಹುಟ್ಟುವ ವೇಳೆಗೆ ಅರ್ಧ ಶತಮಾನ ತುಂಬುತ್ತಿತ್ತು. ಫುಟ್‌ಬಾಲ್ ಆಗಲೇ ಗೋವೆಯ ಜನರ ಸ್ವಂತ ಆಟವಾಗಿತ್ತು.

ಆದರೆ ಆಗಿನ ಗೋವೆಯಲ್ಲಿ ಹೊಟ್ಟೆಪಾಡಿಗೆ ದಾರಿ ಕಡಿಮೆ. ಸಾವಿರಾರು ಮಂದಿ ಮುಂಬಯಿಯ ಹಾದಿ ಹಿಡಿದರು. ಕೆಲವರು ಹಡಗಿನಲ್ಲಿ ಹೋದರೆ ಮತ್ತೆ ಕೆಲವರು ರೈಲಿನಲ್ಲಿ ಘಟ್ಟವೇರಿ ನಮ್ಮ ಜಿಲ್ಲೆಯ ಕ್ಯಾಸಲ್‌ರಾಕ್ ನಿಲ್ದಾಣದಲ್ಲಿ ಸುಂಕದ ತಪಾಸಣೆ ಮುಗಿಸಿ ಮುಂದೆ ಸಾಗುತ್ತಿದ್ದರು. ಮುಂಬಯಿಯ ಧೋಬಿ ತಲಾವ್ ಸುತ್ತಮುತ್ತ ಒಂದೊಂದು ಹಳ್ಳಿಯವರೂ ತಮ್ಮದೇ ಆದ 'ಕೂಡ್'ಗಳನ್ನು ಕಟ್ಟಿಕೊಂಡಿದ್ದರು. ಒಂದೇ ಸೂರಿನಡಿ ಹತ್ತಾರು ಪೆಟ್ಟಿಗೆಗಳು, ಮೂಲೆಯಲ್ಲಿ ಊರಿನ ಪಾಲಕ ಸಂತರ ಪೀಠ, ಸಂಜೆಗೆ ಎಲ್ಲರೂ ಕೂಡಿ ಜಪಸರ. ಊರಿನ ಅಭಿಮಾನವನ್ನು ಪರವೂರಿನಲ್ಲೂ ಉಳಿಸಿಕೊಂಡ ಈ ಜನಕ್ಕೆ ಫುಟ್‌ಬಾಲ್ ಮೈದಾನವೇ ದೊಡ್ಡ ಸಂತೋಷವಾಗಿತ್ತು. ನೆವಿಲ್ ಅವರ ಆಟ ಪಕ್ವವಾದದ್ದು ಈ ಮುಂಬಯಿಯಲ್ಲಿ.

ಮುಂಬಯಿಯ ಫುಟ್‌ಬಾಲ್ ಒಂದೇ ದಿನದಲ್ಲಿ ಬೆಳೆದದ್ದಲ್ಲ. ರೋವರ್ಸ್ ಕಪ್ ಪಂದ್ಯಾವಳಿ 1891ರಲ್ಲಿ ಆರಂಭವಾಯಿತು. ಬಹುಕಾಲ ಅದು ಬ್ರಿಟಿಷ್ ಸೈನಿಕ ತಂಡಗಳ ಸೊತ್ತಾಗಿತ್ತು. ಆ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ನಮ್ಮ ಬೆಂಗಳೂರಿನ 'ಬೆಂಗಳೂರು ಮುಸ್ಲಿಮ್ಸ್' ಎಂಬುದನ್ನು ಇಲ್ಲಿ ಹೆಮ್ಮೆಯಿಂದ ಸ್ಮರಿಸಬಹುದು. ಇದರ ಪಕ್ಕದಲ್ಲಿಯೇ 1902ರಿಂದ ಹಾರ್ವುಡ್ ಲೀಗ್ ನಡೆದುಬಂದಿತು. ಈ ಎಲ್ಲ ಆಟವನ್ನು ಒಂದೇ ಆಡಳಿತಕ್ಕೆ ತಂದ ವೆಸ್ಟರ್ನ್ ಇಂಡಿಯಾ ಫುಟ್‌ಬಾಲ್ ಅಸೋಸಿಯೇಶನ್ 1911ರಲ್ಲಿ ಸ್ಥಾಪನೆಯಾಯಿತು. ಕಪ್ ಪಂದ್ಯಾವಳಿಗೆ ದೂರದ ತಂಡಗಳೂ ಜನಜಂಗುಳಿಯೂ ಬರುತ್ತಿದ್ದವು. ಲೀಗ್ ಮಾತ್ರ ಮಳೆಗಾಲದುದ್ದಕ್ಕೂ ಕೆಸರು ತುಂಬಿದ ಮೈದಾನಗಳಲ್ಲಿ ಸದ್ದುಗದ್ದಲವಿಲ್ಲದೆ ಸಾಗುತ್ತಿತ್ತು.

ಆ ಲೀಗಿನ ಜೀವಾಳವೆಂದರೆ ಕಚೇರಿ ಹಾಗೂ ಗಿರಣಿಗಳ ತಂಡಗಳು. ರೈಲ್ವೆ, ಬಂದರು, ಬಟ್ಟೆ ಗಿರಣಿ, ತೈಲ ಕಂಪನಿ ಮುಂತಾದವು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟುತ್ತಿದ್ದವು. ಆಟಕ್ಕೆಂದು ಪ್ರತ್ಯೇಕ ವೇತನವಿರಲಿಲ್ಲ. ಹಗಲು ಮೇಜಿನ ಮುಂದೆ ಕುಳಿತವರೇ ಸಂಜೆ ಮೈದಾನಕ್ಕಿಳಿಯುತ್ತಿದ್ದರು. ನೆವಿಲ್ ಅವರೂ ಹೀಗೆಯೇ ಟಾಟಾ ಸ್ಪೋರ್ಟ್ಸ್ ಕ್ಲಬ್ಬಿಗೂ ಕ್ಯಾಲ್ಟೆಕ್ಸ್ ತಂಡಕ್ಕೂ ಆಡಿದರು. ಅವರು ಮುಂಪಡೆಯ ನಡುವಿನ ಆಟಗಾರರು. ಗೋಲಿನ ಮುಂದೆ ಎಲ್ಲಿ ನಿಲ್ಲಬೇಕು, ಚೆಂಡು ಎಲ್ಲಿಗೆ ಬಂದು ಬೀಳುತ್ತದೆ ಎಂದು ಒಂದು ಕ್ಷಣ ಮೊದಲೇ ಗ್ರಹಿಸುವುದು ಆ ಸ್ಥಾನದ ಆಟಗಾರನ ವಿದ್ಯೆ. ಬೇರೆ ಬೇರೆ ರಕ್ಷಕರೆದುರು, ಒಣ ನೆಲದಲ್ಲೂ ಕೆಸರಿನಲ್ಲೂ ಮತ್ತೆ ಮತ್ತೆ ಆಡಿದವನಿಗೆ ಮಾತ್ರ ಆ ಗ್ರಹಿಕೆ ಒದಗುತ್ತದೆ.

ರಾಷ್ಟ್ರೀಯ ಮಟ್ಟದ ಸಂತೋಷ್ ಟ್ರೋಫಿಯನ್ನು ಮುಂಬಯಿ ರಾಜ್ಯ 1954-55ರಲ್ಲಿ ಮೊದಲ ಬಾರಿಗೆ ಗೆದ್ದಾಗ ನೆವಿಲ್ ಅವರು ಆ ತಂಡದಲ್ಲಿದ್ದರು. ಇಲ್ಲಿ ನಮ್ಮ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಆಗ ಉತ್ತರ ಕನ್ನಡ ಜಿಲ್ಲೆಯೂ ಮುಂಬಯಿ ರಾಜ್ಯದ ಭಾಗವೇ ಆಗಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜನ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆದುದರಿಂದ ಕಾನೂನಿನ ಲೆಕ್ಕದಲ್ಲಿ ನೆವಿಲ್ ಅವರು ಗೆದ್ದ ಆ ಟ್ರೋಫಿ ನಮ್ಮ ಹಿರಿಯರ ರಾಜ್ಯದ ಟ್ರೋಫಿಯೇ ಹೌದು.

ಇಷ್ಟರಲ್ಲಿ ಗೋವೆಯವರ ಪಾಲಿಗೆ ಕಷ್ಟದ ದಿನಗಳು ಬಂದವು. ಭಾರತ ಸ್ವತಂತ್ರವಾಗಿದ್ದರೂ ಗೋವೆ ಪೋರ್ತುಗೀಜರ ಕೈಯಲ್ಲಿಯೇ ಉಳಿದಿತ್ತು. 1955ರ ಆಗಸ್ಟ್ 15ರಂದು ಗೋವೆಯ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಬಳಿಕ ಭಾರತ ಸರಕಾರ ಗಡಿಯನ್ನು ಮುಚ್ಚಿತು. ಕ್ಯಾಸಲ್‌ರಾಕ್ ಮೂಲಕ ಗೋವೆಗೆ ಹೋಗುತ್ತಿದ್ದ ರೈಲು ನಿಂತಿತು. ಮುಂಬಯಿಯಲ್ಲಿದ್ದ ಗೋವೆಯ ಕುಟುಂಬಗಳಿಗೆ ಊರಿನ ಹಬ್ಬಕ್ಕೆ, ಹೆತ್ತವರ ಮರಣಕ್ಕೆ ಹೋಗಿಬರುವುದೂ ಕಷ್ಟವಾಯಿತು. ತಮ್ಮ ಊರಿನ ಮೇಲೆ ಬೇರೊಂದು ದೇಶದ ಬಾವುಟ ಹಾರುತ್ತಿರುವಾಗಲೇ ನೆವಿಲ್ ಅವರು ಭಾರತದ ಅಂಗಿ ತೊಟ್ಟು ಮೆಲ್ಬೋರ್ನ್ ಒಲಿಂಪಿಕ್ ಕೂಟಕ್ಕೆ ತೆರಳಿದರು.

ಆ ಭಾರತ ತಂಡದ ನಾಯಕರು ಬಂಗಾಳದ ಸಮರ್ ಬ್ಯಾನರ್ಜಿ. ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಪಿ.ಕೆ. ಬ್ಯಾನರ್ಜಿ, ಬಲರಾಮ್, ಕಿಟ್ಟು, ನಮ್ಮ ಕೆಂಪಯ್ಯ ಮೊದಲಾದ ಸಮರ್ಥರು ತಂಡದಲ್ಲಿದ್ದರು. ನಾಲ್ಕು ವರ್ಷ ಹಿಂದೆ, 1952ರ ಹೆಲ್ಸಿಂಕಿ ಕೂಟದಲ್ಲಿ, ಬಹುಮಟ್ಟಿಗೆ ಬರಿಗಾಲಿನಲ್ಲಿ ಆಡಿದ ಭಾರತ ಯುಗೊಸ್ಲಾವಿಯದೆದುರು 10-1ರಿಂದ ಸೋತಿತ್ತು. ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಬೆಂಗಳೂರಿನ ಅಹಮದ್ ಖಾನ್ ಅವರದು. ಆ ಸೋಲಿನ ಅನಂತರ ಬೂಟು ತೊಟ್ಟು ಆಡುವುದು ಕಡ್ಡಾಯವಾಯಿತು.

ಮೆಲ್ಬೋರ್ನಿನಲ್ಲಿ ಮೊದಲ ಸುತ್ತಿನ ಎದುರಾಳಿ ಹಂಗೇರಿ ಹಿಂದೆ ಸರಿದುದರಿಂದ ಭಾರತ ನೇರವಾಗಿ ಕ್ವಾರ್ಟರ್ ಫೈನಲ್ ತಲುಪಿತು. 1956ರ ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯದೊಡನೆ ಪಂದ್ಯ. ಒಂಬತ್ತನೆಯ ನಿಮಿಷದಲ್ಲಿ ನೆವಿಲ್ ಅವರು ಮೊದಲ ಗೋಲು ಬಾರಿಸಿದರು. ಆಸ್ಟ್ರೇಲಿಯ ಸಮಗೊಳಿಸಿತು. ಮೂವತ್ತಮೂರನೆಯ ನಿಮಿಷದಲ್ಲಿ ನೆವಿಲ್ ಅವರ ಎರಡನೆಯ ಗೋಲು. ವಿರಾಮಕ್ಕೆ ಮೊದಲೇ ಆಸ್ಟ್ರೇಲಿಯ ಮತ್ತೊಮ್ಮೆ ಸಮಗೊಳಿಸಿತು. ಐವತ್ತನೆಯ ನಿಮಿಷದಲ್ಲಿ ಅವರು ಮೂರನೆಯದನ್ನೂ ಸೇರಿಸಿದರು. ಕೊನೆಯಲ್ಲಿ ಕಿಟ್ಟು ಅವರು ಒಂದು ಗೋಲು ಬಾರಿಸಿ 4-2ರ ಜಯವನ್ನು ಖಚಿತಗೊಳಿಸಿದರು. ಒಲಿಂಪಿಕ್ ಫುಟ್‌ಬಾಲಿನ ಸೆಮಿಫೈನಲಿಗೆ ಏಷ್ಯಾದ ತಂಡವೊಂದು ತಲುಪಿದ್ದು ಅದೇ ಮೊದಲು. ನೆವಿಲ್ ಅವರಿಗೆ ಇಪ್ಪತ್ತನಾಲ್ಕು ವರ್ಷ ತುಂಬಲು ಇನ್ನೂ ಎರಡು ದಿನ ಉಳಿದಿತ್ತು.

ಡಿಸೆಂಬರ್ 4ರಂದು ಸೆಮಿಫೈನಲಿನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯ. ಈ ಬಾರಿ ಮೊದಲ ಅವಧಿಯಲ್ಲಿ ಅವರಿಗೆ ಒಂದು ಗೋಲೂ ದಕ್ಕಲಿಲ್ಲ. ಎರಡನೆಯ ಅವಧಿಯಲ್ಲಿ ನೆವಿಲ್ ಅವರೇ ಮೊದಲ ಗೋಲು ಹೊಡೆದು ಭಾರತಕ್ಕೆ ಮುನ್ನಡೆ ತಂದುಕೊಟ್ಟರು. ಕೆಲವೇ ನಿಮಿಷಗಳ ಕಾಲ ಭಾರತ ಒಲಿಂಪಿಕ್ ಫೈನಲಿನ ಹೊಸ್ತಿಲಲ್ಲಿ ನಿಂತಿತ್ತು. ಬಳಿಕ ಎದುರಾಳಿಗಳ ಅನುಭವ ಮೇಲುಗೈ ಪಡೆದು ಪಂದ್ಯ 4-1ರಿಂದ ಕೈತಪ್ಪಿತು. ಮೂರನೆಯ ಸ್ಥಾನಕ್ಕಾಗಿ ನಡೆದ ಪಂದ್ಯದಲ್ಲಿ ಬಲ್ಗೇರಿಯ 3-0ರಿಂದ ಗೆದ್ದಿತು. ನಾಲ್ಕು ಗೋಲುಗಳೊಂದಿಗೆ ನೆವಿಲ್ ಅವರು ಯುಗೊಸ್ಲಾವಿಯ ಮತ್ತು ಬಲ್ಗೇರಿಯದ ಒಬ್ಬೊಬ್ಬ ಆಟಗಾರರ ಜೊತೆ ಆ ಕೂಟದ ಅತಿ ಹೆಚ್ಚು ಗೋಲು ಗಳಿಸಿದವರ ಸಾಲಿನಲ್ಲಿ ನಿಂತರು. ಒಲಿಂಪಿಕ್ಸ್‌ನಲ್ಲಿ ಭಾರತೀಯ ಫುಟ್‌ಬಾಲಿನ ಅತ್ಯುತ್ತಮ ಸಾಧನೆ ಆ ನಾಲ್ಕನೆಯ ಸ್ಥಾನವೇ. 1960ರ ರೋಮ್ ಕೂಟದ ಅನಂತರ ಭಾರತ ತಂಡ ಒಲಿಂಪಿಕ್ ಮೈದಾನಕ್ಕೆ ಮತ್ತೆ ಇಳಿದಿಲ್ಲ.

ಅಷ್ಟು ದೊಡ್ಡ ಕೀರ್ತಿಯ ಬಳಿಕವೂ ನೆವಿಲ್ ಅವರು ಮುಂಬಯಿಯ ಕಚೇರಿ ತಂಡದ ಆಟಕ್ಕೇ ಮರಳಿದರು. 1958ರಲ್ಲಿ ಕ್ಯಾಲ್ಟೆಕ್ಸ್ ತಂಡ ರೋವರ್ಸ್ ಕಪ್ ಗೆದ್ದಾಗ ಅವರು ಅದರಲ್ಲಿದ್ದರು. ಅವರ ತಮ್ಮ ಡೆರೆಕ್ ಡಿಸೋಜ ಅವರೂ ಭಾರತಕ್ಕೆ ಆಡಿದರು. ಆಟದಿಂದ ಸಂಪತ್ತು ಕೂಡಿಸುವ ಕಾಲ ಅದಾಗಿರಲಿಲ್ಲ. 1980ರ ಮಾರ್ಚ್ 17ರಂದು, ನಲವತ್ತೇಳನೆಯ ವಯಸ್ಸಿನಲ್ಲಿಯೇ, ನೆವಿಲ್ ಅವರು ದೇವರ ಪಾದ ಸೇರಿದರು. ಹಲವು ವರ್ಷಗಳ ಕಾಲ ಅವರ ಹೆಸರು ಹಳೆಯ ಆಟಗಾರರ ಮಾತಿನಲ್ಲಿ ಮಾತ್ರ ಉಳಿಯಿತು. ಬಹುಕಾಲದ ಬಳಿಕ ಮುಂಬಯಿಯ ಬಾಂದ್ರಾದಲ್ಲಿ ಒಂದು ಫುಟ್‌ಬಾಲ್ ಮೈದಾನಕ್ಕೆ ಅವರ ಹೆಸರಿಡಲಾಯಿತು. ಅಲ್ಲಿ ಆ ನಗರದ ಲೀಗ್ ಪಂದ್ಯಗಳು ನಡೆದುಬಂದಿವೆ. ಅವರಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ಬೇರೆ ಇರಲಾರದು.

ಅವರ ಊರಿನ ಕಡೆಯೂ ಲೀಗ್ ಎಂಬ ಬೀಜ ಮರವಾಯಿತು. ಗೋವೆಯ ಫುಟ್‌ಬಾಲ್ ಸಂಸ್ಥೆ 1959ರಲ್ಲಿ ರೂಪುಗೊಂಡಿತು. ಹಳ್ಳಿ, ಧರ್ಮಕೇಂದ್ರ, ಕಾರ್ಖಾನೆಗಳ ತಂಡಗಳು ವರ್ಷ ವರ್ಷವೂ ಆಡಿ ಬಲಿತವು. 1982-83ರಲ್ಲಿ ಗೋವೆ ಬಂಗಾಳದೊಡನೆ ಸಂತೋಷ್ ಟ್ರೋಫಿಯನ್ನು ಹಂಚಿಕೊಂಡಿತು. ಮರುವರ್ಷ ತಾನೊಂದೇ ಗೆದ್ದಿತು. 2007-08ರಿಂದ 2012-13ರವರೆಗಿನ ಆರೂ ಐ-ಲೀಗ್ ಪ್ರಶಸ್ತಿಗಳು ಡೆಂಪೊ, ಚರ್ಚಿಲ್ ಬ್ರದರ್ಸ್, ಸಾಲ್ಗಾಂವ್ಕರ್ ಎಂಬ ಗೋವೆಯ ಮೂರು ತಂಡಗಳ ಪಾಲಾದವು. ಅಷ್ಟು ಪುಟ್ಟ ರಾಜ್ಯಕ್ಕೆ ಇದು ಸಾಧ್ಯವಾದದ್ದು ಎಡೆಬಿಡದ ಲೀಗ್ ಆಟದ ಫಲ.

ಇನ್ನು ನಮ್ಮ ಘಟ್ಟದ ಮೇಲಿನ ಮಾತು. ನಮ್ಮಲ್ಲಿ ಪ್ರತಿಭೆಗೆ ಬರವಿಲ್ಲ. ಯಲ್ಲಾಪುರದ ಕಡೆಯ ಸಿದ್ದಿ ಮಕ್ಕಳ ಓಟದ ಶಕ್ತಿಯನ್ನು ಕಂಡು ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದ ಕೊನೆಯಲ್ಲಿ ಅವರಿಗಾಗಿ ವಿಶೇಷ ತರಬೇತಿ ಆರಂಭಿಸಿತು. ಕೆಲವರು ಪದಕಗಳನ್ನೂ ತಂದರು. ಆದರೆ 1990ರ ದಶಕದ ಆರಂಭದಲ್ಲಿ ಆ ಯೋಜನೆ ನಿಂತಾಗ ಅವರಲ್ಲಿ ಅನೇಕರು ಹಳ್ಳಿಗೆ ಮರಳಬೇಕಾಯಿತು. ಮೇಲಿನಿಂದ ಬಂದದ್ದು ಮೇಲಿನಿಂದಲೇ ನಿಂತುಹೋಗಬಹುದು. ಊರವರೇ ಕಟ್ಟಿಕೊಂಡದ್ದು ಅಷ್ಟು ಸುಲಭವಾಗಿ ನಿಲ್ಲದು.

ಹಬ್ಬದ ನೆಪದಲ್ಲಿ ನಡೆಯುವ ಒಂದು ದಿನದ ಪಂದ್ಯಾವಳಿಯಲ್ಲಿ ಎಂಟು ತಂಡಗಳು ಸೇರಿದರೆ ಒಟ್ಟು ಏಳು ಪಂದ್ಯ. ನಾಲ್ಕು ತಂಡಗಳು ಒಂದೇ ಆಟ ಆಡಿ ಮನೆಗೆ ಮರಳುತ್ತವೆ. ಅದೇ ಎಂಟು ತಂಡಗಳು ಲೀಗ್ ಪದ್ಧತಿಯಲ್ಲಿ ಪರಸ್ಪರ ಆಡಿದರೆ ಇಪ್ಪತ್ತೆಂಟು ಪಂದ್ಯ. ಪ್ರತಿಯೊಂದು ತಂಡಕ್ಕೂ ಏಳು ಆಟ. ಭಾನುವಾರದ ಪೂಜೆಯ ಬಳಿಕ ಎರಡೆರಡು ಪಂದ್ಯ ನಡೆಸಿದರೂ ಹದಿನಾಲ್ಕು ವಾರಗಳಲ್ಲಿ ಮುಗಿಯುತ್ತದೆ. ಮಳೆಯ ನೆಪ ಹೇಳುವವರು ಮುಂಬಯಿಯ ಲೀಗ್ ನಡೆಯುತ್ತಿದ್ದುದೇ ಮಳೆಗಾಲದಲ್ಲೆಂಬುದನ್ನು ನೆನೆಯಲಿ. ಬೇಕಾದದ್ದು ಒಂದು ಸಮತಟ್ಟಾದ ಬಯಲು, ಎರಡು ಚೆಂಡು, ಪಕ್ಷಪಾತವಿಲ್ಲದ ಒಬ್ಬ ರೆಫರಿ, ಅಂಕಗಳನ್ನು ತಪ್ಪದೆ ಬರೆದಿಡುವ ಒಂದು ಪುಸ್ತಕ. ಜಾತಿ ಮತದ ಭೇದವಿಲ್ಲದೆ ಊರಿನ ಎಲ್ಲ ಹುಡುಗರಿಗೂ ಅದರಲ್ಲಿ ಸ್ಥಾನವಿರಬೇಕು. ಮೆಲ್ಬೋರ್ನಿನ ತಂಡವೂ ಹಾಗೆಯೇ ಇತ್ತು.

ಕಾರವಾರ ಧರ್ಮಪ್ರಾಂತ್ಯ 1976ರಲ್ಲಿ ಸ್ಥಾಪನೆಯಾದಂದಿನಿಂದ ನಮ್ಮ ಧರ್ಮಕೇಂದ್ರಗಳು ಶಾಲೆಗಳಿಗಾಗಿ, ಬಡವರ ಏಳಿಗೆಗಾಗಿ ದುಡಿಯುತ್ತ ಬಂದಿವೆ. ಮೂರು ತಾಲೂಕುಗಳ ಧರ್ಮಕೇಂದ್ರಗಳು, ಶಾಲೆಗಳು, ಯುವಕ ಸಂಘಗಳು ಕೂಡಿ ಇಂಥದೊಂದು ಲೀಗನ್ನು ಕಟ್ಟಿ ಹತ್ತು ವರ್ಷ ಬಿಡದೆ ನಡೆಸಿದರೆ ಅದರಿಂದ ಇನ್ನೊಬ್ಬ ನೆವಿಲ್ ಬಂದೇ ಬರುವನೆಂದು ನಾವು ಹೇಳಲಾರೆವು. ಆದರೆ ಅಂಥವನೊಬ್ಬ ನಮ್ಮ ನಡುವೆ ಹುಟ್ಟಿದ್ದರೆ ಯಾರ ಕಣ್ಣಿಗೂ ಬೀಳದೆ ಮರೆಯಾಗಲು ಅವನನ್ನು ಬಿಡಲಿಲ್ಲವೆಂಬ ಸಮಾಧಾನ ನಮಗಿರುತ್ತದೆ. ಮುಂದಿನ ಝೇವಿಯರ್ ಹಬ್ಬಕ್ಕೆ ಹಳೇ ಗೋವೆಗೆ ಹೋಗುವ ಕುಟುಂಬಗಳು ಅಂದೇ ಜನಿಸಿದ ಈ ಆಟಗಾರನ ಆತ್ಮಕ್ಕಾಗಿಯೂ ಒಂದು ಪ್ರಾರ್ಥನೆ ಸಲ್ಲಿಸಲಿ. ಹಿಂದಿರುಗುವಾಗ ಮಕ್ಕಳಿಗೆ ಅವರ ಕಥೆ ಹೇಳಲಿ.