ಫ್ರಾಂಟಿಶೆಕ್ ಯಾನೆಚೆಕ್
ಫ್ರಾಂಟಿಶೆಕ್ ಯಾನೆಚೆಕ್ (ಜನವರಿ 23, 1878 – ಜೂನ್ 4, 1941) ಜೆಕ್ ಇಂಜಿನಿಯರ್, ಶಸ್ತ್ರಾಸ್ತ್ರ ತಯಾರಕರು ಹಾಗೂ ಜಾವಾ ಮೋಟಾರ್ ಸೈಕಲ್ ಸಂಸ್ಥೆಯ ಸ್ಥಾಪಕರು. ಬೊಹೆಮಿಯಾದಲ್ಲಿ ಜನಿಸಿದ ಇವರು ಮೊದಲ ಮಹಾಯುದ್ಧದ ಕಾಲದಲ್ಲಿ ಕೈಬಾಂಬಿನ ವಿನ್ಯಾಸದಿಂದ ಹೆಸರಾದರು.

ಯುದ್ಧಾನಂತರ ಶಸ್ತ್ರಗಳ ಬೇಡಿಕೆ ಕುಸಿದಾಗ ಕಾರ್ಖಾನೆಯನ್ನು ಉಳಿಸಿಕೊಳ್ಳುವುದೇ ಸಮಸ್ಯೆಯಾಯಿತು. 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ 500 ಸಿಸಿ ಮೋಟಾರ್ ಸೈಕಲ್ಲಿನ ತಯಾರಿಕಾ ಹಕ್ಕನ್ನು ಕೊಂಡರು. ಎರಡೂ ಹೆಸರುಗಳ ಆದ್ಯಕ್ಷರಗಳು ಕೂಡಿ ‘ಜಾವಾ’ ಆಯಿತು. ಜೆಕ್ ಉಚ್ಚಾರಣೆ ‘ಯಾವಾ’. ದುಬಾರಿಯಾದ ಆ ಮೊದಲ ವಾಹನ ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ನಿರೀಕ್ಷೆಯಂತೆ ಮಾರಾಟವಾಗಲಿಲ್ಲ. ಸಂಸ್ಥೆಯನ್ನು ಎತ್ತಿ ನಿಲ್ಲಿಸಿದ್ದು 1932ರಲ್ಲಿ ವಿಲಿಯರ್ಸ್ ಎಂಜಿನ್ ಅಳವಡಿಸಿ ತಯಾರಿಸಿದ ಅಗ್ಗದ 175 ಸಿಸಿ ವಾಹನ. ನಾಜಿ ಆಕ್ರಮಣದ ನಡುವೆಯೇ ಯಾನೆಚೆಕ್ ನಿಧನರಾದರು. ಕಾರ್ಖಾನೆಯವರು ಗುಟ್ಟಾಗಿ ರೂಪಿಸಿದ, 1946ರಲ್ಲಿ ಹೊರಬಂದ 250 ಸಿಸಿ ವಾಹನವನ್ನು ಅವರು ಕಾಣಲಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾವನ್ನೂ ಮುಂದೆ ಯೆಜ್ಡಿಯನ್ನೂ ತಯಾರಿಸಿ 1996ರಲ್ಲಿ ಮುಚ್ಚಿತು. ಇವುಗಳ ಚೈನು ಸಂಪೂರ್ಣವಾಗಿ ತಗಡಿನ ಕವಚದೊಳಗಿರುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುವ ನಾಡುಗಳಲ್ಲಿ ಈ ಕವಚ ಚೈನನ್ನು ಬಹುಮಟ್ಟಿಗೆ ತುಕ್ಕಿನಿಂದ ಕಾಯುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಉಪ್ಪಿನ ಪ್ರಮೇಯವಿಲ್ಲ. ಅಲ್ಲಿ ಅದು ತಡೆಯುವುದು ಮುಂಗಾರಿನ ಕೆಸರನ್ನು. ಆದರೆ ಕವಚವು ಕಡ್ಡಿಚಕ್ರ, ಸೈಲೆನ್ಸರ್‌ಗಳನ್ನು ಕಾಯದು. ಅಲ್ಲಿ ಚಳಿಗಾಲ, ಇಲ್ಲಿ ಮಳೆಗಾಲ ಕಳೆದ ಮೇಲೆ ಅವನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಬೇಕಾಗುತ್ತದೆ.